ಬಾಯಿಪಾಠ

ಮಾರ್ಚ್ 3, ಸೋಮವಾರ

ಇವತ್ತೂ ಕ್ಲಾಸು. ಆಸ್ಪತ್ರೆ ಹಿಂದಿನ ಕಟ್ಟೆ ಮೇಲೆ ನಾವು ಸೂಲಗಿತ್ತಿಯರೆಲ್ಲ. ಹೆರಿಗೆ ತಡವಾದರೆ ಹೆಂಗಸು ಹಾದರ ಮಾಡಿದ್ದಾಳೆ ಅಂತ ಅರ್ಥ ಅಲ್ಲ, ಅವನ ಹೆಸರು ಹೇಳು ಅಂತ ಪೀಡಿಸಬೇಡಿ, ಕೂಡಲೇ ಇಲ್ಲಿಗೆ ಕರ್ಕೊಂಡು ಬನ್ನಿ — ಇದು ಸಿಸ್ಟರ್ ಪಾಠ. ಒಂದಕ್ಷರ ಬಿಡದೆ ಒಪ್ಪಿಸಿದೆ. ಚಪ್ಪಾಳೆ. ನಮ್ಮೂರ ಇನ್ನೊಬ್ಬ ಸೂಲಗಿತ್ತಿ ನ್ಯಾಮೋಯೊ ಮಾತ್ರ ಜಗಳಕ್ಕೇ ನಿಂತಳು. ನಮ್ಮಜ್ಜಿ, ಮುತ್ತಜ್ಜಿ ಎಲ್ಲ ದಡ್ಡರಾ? ಹೆಸರು ಹೇಳಿದ ಮೇಲೇ ಮಗು ಜಾರಿದ್ದು ಕಣ್ಣಾರೆ ಕಂಡಿದ್ದೀನಿ ಅಂತ. ಮೊಂಡಿ. ಅವಳಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ.

ಮಾರ್ಚ್ 10

ನ್ಯಾಮೋಯೊ ಇವತ್ತೂ ಬಿಡಲಿಲ್ಲ. ಕ್ಲಾಸು ಮುಗಿದ ಮೇಲೂ ಸಿಸ್ಟರ್ ಬೆನ್ನು ಹತ್ತಿದಳು — ಹೆಸರು ಹೇಳಿಯೂ ಎಷ್ಟೋ ಹೆಂಗಸರು ನನ್ನ ಕೈಯಲ್ಲೇ ಸತ್ತರಲ್ಲ, ಅವರದ್ದೇನು ಹಾಗಾದರೆ? ಆಮೇಲೆ ಅಲ್ಲೇ ಕೂತು ಅತ್ತಳಂತೆ. ನಂಗೆ ನಗು. ಇಷ್ಟು ಸುಲಭದ ಪಾಠಕ್ಕೆ ಅಳೋದೇನು.

ಸೊಸೆ ಲುಸುಂಗುಗೆ ದಿನ ತುಂಬಿದೆ. ಮಗ ಖುಂಬೊ ಇನ್ನೂ ಕಸುಂಗುವಿನ ತಂಬಾಕು ಎಸ್ಟೇಟಲ್ಲೇ.

ಮಾರ್ಚ್ 19



ನಿನ್ನೆಯಿಂದ ಲುಸುಂಗುಗೆ ನೋವು. ಬೆಳಗಾದರೂ ಮಗು ಕದಲಲಿಲ್ಲ. ನನ್ನ ಬಾಯಿಂದ ಮೊದಲು ಬಂದಿದ್ದೇ — ಯಾರು ಅವನು, ಹೇಳು. ಕ್ಲಾಸು, ಪಾಠ... ಒಂದೂ ನೆನಪಿಗೆ ಬರಲಿಲ್ಲ. ಅಂಗಲಾಚಿದಳು. ಬಿಡಲಿಲ್ಲ ನಾನು. ಕೊನೆಗೆ ಪಕ್ಕದ ಮನೆಯವನ ಹೆಸರು ಹೇಳಿದಳು. ಬಾಗಿಲಾಚೆ ಇದ್ದ ಹೆಂಗಸರೆಲ್ಲ ಕೇಳಿಸ್ಕೊಂಡರು. ಮಗು ಆಗಲೂ ಬರಲಿಲ್ಲ.

ನ್ಯಾಮೋಯೊ ಒಳಗೆ ನುಗ್ಗಿದಳು. "ಸರಿ ಆಚೆ. ಪಾಠ ಒಪ್ಪಿಸೋದು ನಿಂಗೆ ಸುಲಭ, ಒಪ್ಪೋದು ಕಷ್ಟ." ಎತ್ತಿನ ಗಾಡಿ ಕಟ್ಟಿಸಿ ತಾನೇ ಆಸ್ಪತ್ರೆಗೆ ಕರ್ಕೊಂಡು ಹೋದಳು.

ಮಾರ್ಚ್ 26

ಲುಸುಂಗು ಮನೆಗೆ ಬಂದಳು. ಆಪರೇಷನ್ ಆಯ್ತು. ಗಂಡು ಮಗು. ಇಬ್ಬರೂ ಬದುಕಿದರು, ದೇವರು ದೊಡ್ಡವನು. ಜೋಳದ ಗಂಜಿ ಕೊಟ್ಟೆ, ಮುಟ್ಟಲಿಲ್ಲ. ಗೋಡೆ ನೋಡ್ತಾ ಹೇಳಿದಳು: "ಅತ್ತೆ, ಯಾರೂ ಇರಲಿಲ್ಲ. ನೀವು ಸುಮ್ಮನಾದರೆ ಸಾಕು ಅಂತ ಬಾಯಿಗೆ ಬಂದ ಹೆಸರು ಹೇಳಿಬಿಟ್ಟೆ."



ಮಾರ್ಚ್ 29, ಶನಿವಾರ

ಖುಂಬೊ ಬಂದ. ದಾರಿಯಲ್ಲೇ ಯಾರೋ ಕಿವಿ ಊದಿದ್ದಾರೆ. ಮಗೂನ ಎತ್ಕೊಳ್ಳಲಿಲ್ಲ. ಅವಳನ್ನ ತವರಿಗೆ ಅಟ್ಟಿ, ಮದುವೆಗೆ ನಾವು ತೆರ ಕೊಟ್ಟ ಹಸುಗಳನ್ನ ವಾಪಸ್ ಹೊಡ್ಕೊಂಡು ಬರ್ತಾನಂತೆ. ಹಿರಿಯರನ್ನ ಕರೆಸಿದ್ದಾನೆ. ಹೆಸರು ಕೇಳಿದೋಳು ನಾನು, ಸಾಕ್ಷಿ ನಾನೇ ಹೇಳಬೇಕಂತೆ.

ನಿಜ ಹೇಳಿದರೆ ಇನ್ನು ಯಾರೂ ನನ್ನನ್ನ ಹೆರಿಗೆಗೆ ಕರೆಯಲ್ಲ. ಹೋಗಲಿ. ಅಜ್ಜಿ ಕಾಲದಿಂದ ಬಂದಿದ್ದು ತಪ್ಪು ಅನ್ನಬೇಕು, ಅದೂ ಹಿರಿಯರ ಮುಂದೆ. ನ್ಯಾಮೋಯೊ ಯಾಕೆ ಅತ್ತಳು ಅಂತ ಈಗ ತಿಳೀತು.

ಅಂಗಳದಲ್ಲಿ ಚಾಪೆ ಹಾಸಿದ್ದಾರೆ. ಖುಂಬೊ ಕರೀತಿದ್ದಾನೆ. ಮೊದಲು ಇಷ್ಟು ಹೇಳ್ತೀನಿ — ತಪ್ಪು ಅವಳದ್ದಲ್ಲ ಮಗಾ, ಆ ಹೆಸರನ್ನ ಅವಳ ಬಾಯಿಂದ ಕಿತ್ತಿದ್ದು ನಾನು.