ಕೊನೆಯ ಹದಿನಾರು ಪುಟ

ಮಾರ್ಚ್ 4, ಬೆಳಿಗ್ಗೆ 11

ಹೊಸ ಪುಸ್ತಕದ ಬಂಡಲ್ ಬಂತು. ಹದಿನಾಲ್ಕು. ಶನಿವಾರದೊಳಗೆ ಎಲ್ಲವನ್ನೂ ಓದಿ, ಶೆಲ್ಫಿನಲ್ಲಿ ಒಂದೊಂದರ ಕೆಳಗೂ ಶಿಫಾರಸಿನ ಚೀಟಿ ಅಂಟಿಸಬೇಕು. ನಮ್ಮ ಅಂಗಡಿಯ ಸಂವಿಧಾನ ಒಂದೇ ಸಾಲಿನದು, ಗಲ್ಲಾದ ಹಿಂದಿನ ಗೋಡೆಯಲ್ಲಿದೆ: 'ಕೊನೆಯ ಪುಟ ಓದದವರು ಚೀಟಿ ಬರೆಯಬಾರದು.' ಅಂಗಡಿ ಅಕ್ಕನದು, ಕಾನೂನು ಅಕ್ಕನದು. ಪ್ರಜೆ ನಾನೊಬ್ಬನೇ—ಐವತ್ತೆರಡು ವರ್ಷದ ತಮ್ಮ.

ಹಸಿರು ರಟ್ಟಿನ ಕಾದಂಬರಿ ಅರವತ್ತು ಪುಟ ಓದಿದೆ. ಇಬ್ಬರು ಬೀಗಿತ್ತಿಯರು, ಒಂದು ಹೊಲಿಗೆ ಮೆಷಿನ್, ಮಹಾಯುದ್ಧ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಬರೆದೆ: 'ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಗು. ಓದಿದವನ ಮಾತು, ನಂಬಿ.'

ಅನ್ನ ಬೆಂದಿದೆಯೇ ನೋಡಲು ಒಂದಗುಳು ಸಾಲದೆ? ಇನ್ನೂ ಹದಿಮೂರು ಪಾತ್ರೆ ಒಲೆಯ ಮೇಲಿವೆ.

ಮಾರ್ಚ್ 7

ಡ್ರೈವಿಂಗ್ ಮೇಷ್ಟ್ರು ಬಂದಿದ್ದರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು. ನಿವೃತ್ತರಾದರೂ ಪಕ್ಕದ ಸೀಟಿನ ಬ್ರೇಕು ಅವರನ್ನು ಬಿಟ್ಟಿಲ್ಲ. ಯಾರಾದರೂ ಗಾಬರಿಯ ಮಾತಾಡಿದರೆ ಬಲಗಾಲು ತಾನಾಗಿ ನೆಲ ಒತ್ತುತ್ತದೆ.

"ನಮ್ಮನೆಯವ್ರಿಗೆ ಒಂದು ಪುಸ್ತಕ ಕೊಡಿ. ಶ್ವಾಸಕೋಶ ಪೂರ್ತಿ ಕೈ ಕೊಟ್ಟಿದೆ. ಮೂಗಿಗೆ ಪೈಪು, ಪಕ್ಕದಲ್ಲಿ ಸಿಲಿಂಡರು. ನಗೋ ಅಂಥದ್ದು ಕೊಡಿ."

ಹಸಿರು ರಟ್ಟು ಕೊಟ್ಟೆ.

"ಕೊನೇಲಿ ಯಾರೂ ಸಾಯಲ್ಲ ತಾನೆ?"

"ಚೀಟಿ ನೋಡಿ ಮೇಷ್ಟ್ರೇ."

ನೋಡಿದರು. ನಂಬಿದರು. ಕಾಲು ಸಹ ಒತ್ತಲಿಲ್ಲ.

ಮಾರ್ಚ್ 12, ಮಧ್ಯಾಹ್ನ

ಮೇಷ್ಟ್ರ ಪ್ರಶ್ನೆ ಕೊರೆಯುತ್ತಿತ್ತು. ಊಟದ ಹೊತ್ತಿನಲ್ಲಿ ಶೆಲ್ಫಿನಲ್ಲಿದ್ದ ಇನ್ನೊಂದು ಪ್ರತಿಯ ಕೊನೆಯ ಪುಟಗಳನ್ನು ತೆಗೆದೆ. ತೆಗೆಯಬಾರದಿತ್ತು. ಅಲ್ಲ, ಮೊದಲೇ ತೆಗೆಯಬೇಕಿತ್ತು.

ಪುಟ 209. ದೊಡ್ಡ ಬೀಗಿತ್ತಿಗೆ ಶ್ವಾಸಕೋಶದ ಕಾಯಿಲೆ. ಮೂಗಿಗೆ ಪೈಪು. 224ರವರೆಗೆ ಸಾಯುತ್ತಾಳೆ. ಒಂದೊಂದು ಉಸಿರನ್ನೂ ಎಣಿಸಿ ಬರೆದಿದ್ದಾನೆ ಪುಣ್ಯಾತ್ಮ.

ಎಷ್ಟು ಓದಾಯಿತೆಂದು ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. "ದಿನಕ್ಕೆ ಹದಿನೈದು ಪುಟ ಓದಿ ಹೇಳ್ತೀನಿ. ನೂರರ ಹತ್ರ ಇದೀವಿ. ಎಷ್ಟು ದಿನ ಆಗಿತ್ತು ಅವಳು ನಕ್ಕು!"

ಲೆಕ್ಕ ಹಾಕಿದೆ. 209ಕ್ಕೆ ಇನ್ನು ಒಂದು ವಾರ. ಅಕ್ಕನಿಗೆ ಹೇಳಬೇಕು… ಹೇಳಲಿಲ್ಲ.

ಮಾರ್ಚ್ 14

ಉಪಾಯ ಹೊಳೆಯಿತು. ಪ್ರಕಾಶಕರಿಗೆ ವಾಪಸು ಕಳಿಸುವ ಡಬ್ಬದಲ್ಲಿ ಅದೇ ಕಾದಂಬರಿಯ ಕೆಟ್ಟ ಪ್ರತಿ ಬಿದ್ದಿದೆ. ಬೈಂಡಿಂಗಿನವರ ಕೃಪೆ—ಕೊನೆಯ ಹದಿನಾರು ಪುಟದ ಕಂತೆಯೇ ಸೇರಿಲ್ಲ. 208ಕ್ಕೆ ನಿಂತಿದೆ. ಬೀಗಿತ್ತಿಯರು ರಾಜಿಯಾಗಿ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಾರೆ. ಇನ್ನೆಂಥ ಮುಕ್ತಾಯ ಬೇಕು ಮನುಷ್ಯನಿಗೆ?

ರೋಗಿಯನ್ನು ನೋಡುವ ನೆಪದಲ್ಲಿ ಹೋದೆ. ಕಿಟಕಿ ಪಕ್ಕ ಮಂಚ, ಸಿಲಿಂಡರಿನ ಕೊರಳಿಗೆ ಕೈಚೌಕ ಕಟ್ಟಿದೆ.

"ನೀವೇನಾ ಚೀಟಿಯವ್ರು?" ಎಂದರು ಆಕೆ. "ನಕ್ರೆ ಕೆಮ್ಮು ಬರತ್ತೆ. ಬರ್ಲಿ ಬಿಡಿ, ನಗದಿದ್ರೂ ಬರತ್ತೆ."

ಮೇಷ್ಟ್ರು ಕಾಫಿಗೆ ಎದ್ದರು. ಆಕೆ ಕಣ್ಣು ಮುಚ್ಚಿದ್ದರು. ಪ್ರತಿ ಬದಲಾಯಿಸಿದೆ. ಗುರುತಿಗಿದ್ದ ಬಸ್ ಟಿಕೆಟನ್ನು 118ರಲ್ಲೇ ಇಟ್ಟೆ. ಕಳ್ಳನಿಗೂ ಕಸುಬಿನ ಮರ್ಯಾದೆ ಇರಬೇಕು.

ಮಾರ್ಚ್ 22, ಸಂಜೆ 5

ಹಲ್ಲಿನ ಡಾಕ್ಟರ ಹತ್ತಿರ ಎರಡು ಗಂಟೆ. ಅಷ್ಟರಲ್ಲಿ ಪ್ರಳಯ.

"ಲೋ, ಮೇಷ್ಟ್ರು ಬಂದಿದ್ರು ಕಣೋ," ಅಕ್ಕನ ಮುಖದಲ್ಲಿ ಧರ್ಮಕಾರ್ಯದ ಕಳೆ. "ಕೊನೇ ಪುಟಗಳೇ ಇಲ್ಲ ಅಂತ ಅವರ ಹೆಂಡ್ತಿ ಬೈದು ಕಳ್ಸಿದಾರೆ. ಬೇರೆ ಪ್ರತಿ ಕೊಟ್ಟೆ. ಹಾಳೆ ಎಲ್ಲಾ ಎಣಿಸಿ ಕೊಟ್ಟಿದೀನಿ!"

ಎಣಿಸಿ ಕೊಟ್ಟಿದ್ದಾಳೆ.

ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಶೆಲ್ಫಿನಿಂದ ಚೀಟಿ ಕಿತ್ತು ನನ್ನ ಕೈಗಿಟ್ಟಳು.

"ನೀನೇ ಹೋಗಿ ಕೊಡು."

"ಏನಂತ ಹೇಳಿ ಕೊಡ್ಲಿ?"

"ಓದಿರ್ಲಿಲ್ಲ ಅಂತ."

ಮಾರ್ಚ್ 23

ಹೋದೆ. ಮೇಷ್ಟ್ರು ಬಾಗಿಲು ತೆಗೆದರು. ಒಳಗೆ ಹೋಗಿ ಚೀಟಿಯನ್ನು ಹೊದಿಕೆಯ ಮೇಲಿಟ್ಟೆ. "ಅಮ್ಮಾ, ಇದು ಓದದೆ ಬರೆದದ್ದು. ಪುಸ್ತಕ ಬದಲಾಯಿಸಿದ್ದೂ ನಾನೇ."

"ಗೊತ್ತು ಬಿಡಿ. ಇವರು ಕಾಫಿ ಚೆಲ್ಲಿದ ಕಲೆ ಪುಸ್ತಕದಿಂದ ಮಾಯ ಆಗಿತ್ತು." ಉಸಿರು ತೆಗೆದುಕೊಂಡರು. "ಐದನೇ ಅಧ್ಯಾಯದಲ್ಲೇ ಆ ಬೀಗಿತ್ತಿ ಕೆಮ್ಮೋಕೆ ಶುರು ಮಾಡಿದ್ಳು. ಆ ಕೆಮ್ಮು ಯಾವ್ದು ಅಂತ ನಂಗೊತ್ತಾಗಲ್ವಾ?"

"ಮತ್ತೆ ಯಾಕಮ್ಮಾ ಪುಟ ಬೇಕು ಅಂತ…"

"ಇಲ್ಲಿ ಮುಂದೇನು ಅಂತ ನಂಗೆ ಯಾರೂ ಹೇಳಲ್ಲ. ಡಾಕ್ಟ್ರು ಇವರ ಮುಖ ನೋಡ್ತಾರೆ. ಇವರು ಬ್ರೇಕ್ ಒತ್ತಾರೆ. ಪುಸ್ತಕನಾದ್ರೂ ಪೂರ್ತಿ ಇರಬಾರ್ದಾ?"

ಬಾಗಿಲ ಬಳಿ ಮೇಷ್ಟ್ರ ಬಲಗಾಲು ನೆಲ ಒತ್ತುತ್ತಲೇ ಇತ್ತು.

"ಇವರು ಎರಡು ಪುಟಕ್ಕೇ ಕನ್ನಡಕ ಒರೆಸ್ಕೊಳ್ಳೋಕೆ ಎದ್ ಹೋದ್ರು. ನೀವು ಓದಿ. ಓದಿದವನ ಮಾತು ಅಂತ ಬರ್ದಿದೀರಲ್ಲ, ಈಗ ಓದಿ."

211ರಿಂದ ಓದಿದೆ. ನಗುವಂಥದ್ದು ಒಂದೂ ಇರಲಿಲ್ಲ. ಆಕೆ ಎರಡು ಸಲ ನಕ್ಕರು. 218 ಮುಗಿದಾಗ ಕೈ ಎತ್ತಿದರು.

"ಇನ್ಮೇಲೆ ದಿನಕ್ಕೊಂದು ಪುಟ ಸಾಕು."

ಮಾರ್ಚ್ 25

220. ಈಗ ಮೇಷ್ಟ್ರೂ ಒಳಗೆ ಕೂರುತ್ತಾರೆ. ಕಾಲು ಕುರ್ಚಿಯ ಮೇಲೆ ಮಡಚಿಕೊಂಡು.

ಏಪ್ರಿಲ್ 1

ಆರು ದಿನ ಆಸ್ಪತ್ರೆ. ನಿನ್ನೆ ಸಂಜೆ ಮನೆಗೆ ಬಂದರು. ಪುಸ್ತಕವೂ ಹೋಗಿ ಬಂತು, ಬಸ್ ಟಿಕೆಟ್ ಅಲುಗದೆ. ಇವತ್ತು 221.

ಏಪ್ರಿಲ್ 3

223. ಶೆಲ್ಫಿನಲ್ಲಿ ಹಸಿರು ರಟ್ಟಿನ ಕೆಳಗೆ ಜಾಗ ಖಾಲಿ. ಅಕ್ಕ ಕೇಳಿದಳು, "ಹೊಸ ಚೀಟಿ ಎಲ್ಲೋ? ಒಂದು ಪುಸ್ತಕಕ್ಕೆ ಒಂದು ತಿಂಗಳೇನೋ?"

"ಇನ್ನೂ ಮುಗಿದಿಲ್ಲ ಕಣೆ."

ಮೇಷ್ಟ್ರ ಮನೆಗೆ ಹೊರಡುವಾಗ ಛತ್ರಿ ಕೊಟ್ಟಳು. ಬಿಸಿಲಿತ್ತು.

ಏಪ್ರಿಲ್ 4, ಸಂಜೆ 6

ಕೊನೆಯ ಪುಟ. ಅರ್ಧ ಓದುವಷ್ಟರಲ್ಲಿ ಕೈ ಎತ್ತಿದರು. ಮೊದಲಿನಷ್ಟು ಮೇಲೆ ಏಳಲಿಲ್ಲ ಕೈ.

"ಉಳಿದಿದ್ದು ನಾಳೆ ಓದಿ ಚೀಟಿಯವ್ರೇ. ಹಾರಿಸ್ಬೇಡಿ ಮತ್ತೆ."

ಉಳಿದಿರುವುದು ಒಂಬತ್ತು ಸಾಲು. ನಾಳೆ ಐದು ಓದಿ, ನಾಡಿದ್ದಿಗೆ ನಾಲ್ಕು ಇಟ್ಟುಕೊಂಡರೆ… ಐದು ಬೇಡ, ನಾಲ್ಕೇ ಓದಿ—