ನನ್ನ ಮಗನ ಕುಲ ಕೇಳಿದ ಭರ್ತಿ ಅಧಿಕಾರಿಗಳಿಗೆ

ನಾಗಪುರದ ಸೇನಾ ಭರ್ತಿ ಅಧಿಕಾರಿಗಳೇ,

ಓಟದಲ್ಲಿ ಮುಂದೆ ಬಂದ, ಕಣ್ಣು ಕಿವಿ ನೆಟ್ಟಗಿರುವ, ಎದೆಯಳತೆಯಲ್ಲಿ ಪಾಸಾದ ನನ್ನ ಮಗ ಉಮಾಕಾಂತನನ್ನು ಕಳೆದ ತಿಂಗಳು ನೀವು ಜಾತಿ ಕೇಳಿ ಮನೆಗೆ ಕಳಿಸಿದಿರಿ. ಕಾರಣವೇನೆಂದು ಹಿಂದಿಯಲ್ಲಿ ಅರ್ಜಿ ಬರೆದು ಕೇಳಿದೆ. ಉತ್ತರವಿಲ್ಲ. ಅದಕ್ಕೇ ಈಗ ಹುಬ್ಬಳ್ಳಿಯ ಪತ್ರಿಕೆಗೆ, ಕನ್ನಡದಲ್ಲಿ, ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬಾರದಿದ್ದರೆ ನಿಮ್ಮ ಸಿಪಾಯಿಗಳಲ್ಲಿ ಯಾರಿಂದಲಾದರೂ ಓದಿಸಿಕೊಳ್ಳಿ. ಓದಬಲ್ಲವನು ಒಬ್ಬನೂ ಸಿಗದಿದ್ದರೆ ಅದನ್ನೂ ನನ್ನ ದೂರಿಗೆ ಸೇರಿಸಿಕೊಳ್ಳಿ.

ನಡೆದದ್ದನ್ನು ನೀವು ಮರೆತಿರಬಹುದು, ಹೇಳುತ್ತೇನೆ. ಉಮಾಕಾಂತ ಬೆಳೆದದ್ದು ಇಲ್ಲೇ ನಾಗಪುರದ ಅಜನಿಯಲ್ಲಿ, ನನ್ನಣ್ಣನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅವನ ಮರಾಠಿ ಕೇಳಿದವರು ಅವನು ಧಾರವಾಡ ಕಡೆಯವನೆಂದರೆ ನಂಬುವುದಿಲ್ಲ. ನಿಮ್ಮ ಹವಾಲ್ದಾರರೂ ಆ ಮರಾಠಿ ಕೇಳಿಯೇ, ಯಾರೂ ಹೇಳದೆ, ಅವನನ್ನು ತಮ್ಮ ಮರಾಠರ ಸಾಲಿನಲ್ಲಿ ನಿಲ್ಲಿಸಿದರು. ಓಡಿದ, ಜಿಗಿದ, ಭೇಷ್ ಎನ್ನಿಸಿಕೊಂಡ. ಎದೆ ಅಳೆಯಲು ಅಂಗಿ ಬಿಚ್ಚಿದಾಗ ಕೊರಳಲ್ಲಿದ್ದ ಬೆಳ್ಳಿ ಕರಡಿಗೆ ಕಂಡಿತು. ಟೇಪಿಗೆ ಅಡ್ಡ ಬರುತ್ತದೆ, ಆ ತಾಯಿತ ತೆಗೆ ಎಂದರಂತೆ. ಇದು ತಾಯಿತವಲ್ಲ, ಒಳಗೆ ನಮ್ಮ ಇಷ್ಟಲಿಂಗವಿದೆ, ಮೈಮೇಲಿಂದ ತೆಗೆಯುವಂತಿಲ್ಲ ಎಂದು ಇವನು ಅದನ್ನು ಹೆಗಲ ಮೇಲೆ ಎತ್ತಿ ಹಿಡಿದ. ಅಳತೆ ಸರಿಯಾಗಿಯೇ ಬಂತು. ಸರಿಯಾಗದೆ ಹೋದದ್ದು ಆಮೇಲೆ ನೀವು ಬಂದು ಕೇಳಿದ ಪ್ರಶ್ನೆಗೆ ಅವನು ಕೊಟ್ಟ ಉತ್ತರ. ಲಿಂಗಾಯತರು ಸಭ್ಯ ಜನ, ಅಂಗಡಿ ಶಾಲೆ ಚೆನ್ನಾಗಿ ನಡೆಸುತ್ತಾರೆ, ಆದರೆ ಈ ಪಡೆಯಲ್ಲಿ ಅವರಿಗೆ ಜಾಗವಿಲ್ಲ, ಗುಮಾಸ್ತನ ಕೆಲಸ ಬೇಕಾದರೆ ನೋಡೋಣ ಎಂದಿರಿ. ನಿಮ್ಮ ಈ ಪ್ರಶಂಸೆಗೆ ನಾವು ಕೃತಜ್ಞರು. ಓಡುವಾಗ ಸಿಪಾಯಿಯಾಗಿದ್ದ ಹುಡುಗ ಅಂಗಿ ಬಿಚ್ಚಿದ ಕೂಡಲೇ ಅಂಗಡಿಕಾರ ಹೇಗಾದ ಎಂಬುದೊಂದನ್ನು ತಿಳಿಸಿದರೆ ಇನ್ನೂ ಉಪಕಾರವಾದೀತು.

ಈ ಯೋಧಕುಲದ ವಿದ್ಯೆ ನಿಮಗೆ ಎಲ್ಲಿಂದ ಬಂತು? ಐವತ್ತೇಳರ ದಂಗೆಯಲ್ಲಿ ತಮಗೆ ತಿರುಗಿಬಿದ್ದವರನ್ನು ಬ್ರಿಟಿಷರು ಸೈನ್ಯದಿಂದ ದೂರವಿಟ್ಟರು. ತಮ್ಮ ಜೊತೆ ನಿಂತವರನ್ನು ಹುಟ್ಟು ಶೂರರೆಂದು ಕರೆದರು. ಈ ಪಲ್ಟನ್ ಇವರದು, ಆ ಕಂಪನಿ ಅವರದು ಎಂದು ಬೇಲಿ ಹಾಕಿದರು, ಒಬ್ಬರು ಎದ್ದರೆ ಇನ್ನೊಬ್ಬರಿಂದ ಹೊಡೆಸಬಹುದಲ್ಲ! ಪರದೇಶದವನಿಗೆ ಆ ಬೇಲಿ ಬೇಕಿತ್ತು. ನಿಮಗೆ ಯಾರ ಭಯ? ಗಣರಾಜ್ಯವಾಗಿ ಐದು ವರ್ಷವಾಯಿತು. ಸೈನ್ಯದ ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ದಿಲ್ಲಿಯವರು ಹೇಳಿ ಅದಕ್ಕಿಂತ ಹೆಚ್ಚು ಕಾಲವಾಯಿತು. ದಿಲ್ಲಿಯಲ್ಲಿ ತೆರೆದ ಬಾಗಿಲು ಸಿವಿಲ್ ಲೈನ್ಸಿನ ನಿಮ್ಮ ಭರ್ತಿ ಮೈದಾನಕ್ಕೆ ಬರುವಷ್ಟರಲ್ಲಿ ಮುಚ್ಚಿಕೊಳ್ಳುವುದು ಹೇಗೆ? ನಾನು ಕಿತ್ತೂರಿನ ಹೆಸರು ತೆಗೆಯುವುದಿಲ್ಲ. ಅದನ್ನು ಭಾಷಣ ಮಾಡುವವರೆಲ್ಲ ತೆಗೆಯುತ್ತಾರೆ. ನನ್ನ ಮನೆಯದನ್ನಷ್ಟೇ ಹೇಳುತ್ತೇನೆ.

ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಸರಕಾರಿ ಕಾಗದಗಳ ಸಲುವಾಗಿ ಆ ರೂಢಿಯನ್ನು ಎಂದೋ ಮುರಿದಿದ್ದೇನೆ, ಇಲ್ಲಿಯೂ ಮುರಿಯುತ್ತೇನೆ. ಅವರ ಹೆಸರು ರುದ್ರಪ್ಪ. ಎರಡನೇ ಜರ್ಮನ್ ಯುದ್ಧದ ಕಾಲದಲ್ಲಿ ಇದೇ ಸೈನ್ಯ ಲಿಂಗಾಯತರ ಹೆಸರಿನಲ್ಲೇ ಒಂದು ಪಡೆ ಕಟ್ಟಿತು. ಆಗ ನಮ್ಮೂರಿಗೆ ಬಂದ ಭರ್ತಿಯವರು ನೀವು ಹುಟ್ಟಾ ವೀರರು ಎಂದು ಚಾವಡಿಯಲ್ಲಿ ನಿಂತು ಹೊಗಳಿದ್ದನ್ನು ನಾನೇ ಕೇಳಿದ್ದೇನೆ. ನಮ್ಮವರು ಆ ಪಡೆ ಸೇರಿ ಹೋದರು. ಅಲ್ಲಿಂದ ಬೇರೊಂದು ಪಡೆಗೆ ಸೇರಿಸಿ ಬರ್ಮಾ ಗಡಿಗೆ ಕಳಿಸಿದರು, ಮರಳಿ ಬರಲಿಲ್ಲ. ಯುದ್ಧ ಮುಗಿಯಿತು, ಆ ಪಡೆಯ ಹೆಸರೂ ಹೋಯಿತು. ಕೆಲವೇ ವರ್ಷಗಳಲ್ಲಿ ವೀರರಾಗಿದ್ದ ನಾವು ಸಭ್ಯರಾಗಿಬಿಟ್ಟೆವು. ನನಗೆ ಸಿಟ್ಟು ಬರುವುದು ಇಲ್ಲಿ, ಅಧಿಕಾರಿಗಳೇ. ಸಾಯಿಸುವುದಕ್ಕೆ ನಮ್ಮ ಕುಲ ಸಾಕಾಯಿತು, ಸೇರಿಸಿಕೊಳ್ಳುವುದಕ್ಕೆ ಸಾಲದೆ ಹೋಯಿತು.

ಮಗ ಸೈನ್ಯ ಸೇರಲಿ ಎಂಬ ಆಸೆ ನನಗಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ಅವನನ್ನು ಓದಿಸಿದ್ದು ರೈಲ್ವೆಗೆ ಸೇರಲಿ ಎಂದು. ನೀವು ತಿರಸ್ಕರಿಸಿದ ದಿನ, ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲ ಗಳಿಗೆಯಲ್ಲಿ ನನಗೆ ಸಮಾಧಾನವೇ ಆಯಿತು. ಊಟಕ್ಕೆ ಕೂತಾಗ ಅವನು ಆಡಿದ ಮಾತು ಕೇಳಿ ಆ ಸಮಾಧಾನ ಹಾರಿಹೋಯಿತು.

"ಅವ್ವಾ, ಮಳಿಗಾಲ ಮುಗದ ಮ್ಯಾಲ ಮತ್ತ ಭರ್ತಿ ಐತಿ. ಕರಡಿಗಿ ಮನ್ಯಾಗ ಬಿಟ್ಟು ಹೋಗ್ತೀನಿ. ಮರಾಠಾ ಅಂತ ಬರಸ್ತೀನಿ."

"ಅಪ್ಪನ ಹೆಸರು ಏನಂತ ಬರಸ್ತಿ?" ಎಂದು ಕೇಳಿದೆ.

ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಅದನ್ನೂ ಬದಲ್ ಮಾಡಬೇಕಾಗ್ತೈತವ್ವಾ," ಎಂದ.

ನೀವು ಮಾಡಿದ್ದೇನೆಂದು ಈಗಲಾದರೂ ತಿಳಿಯಿತೇ? ಲಿಂಗ ಕೈಗೆತ್ತಿಕೊಳ್ಳದೆ ಬೆಳಗಿನ ನೀರೂ ಕುಡಿಯದ ಹುಡುಗ ಅದನ್ನು ಗೂಟಕ್ಕೆ ತೂಗಿಹಾಕಿ, ನಿಮ್ಮ ಸೈನ್ಯದಲ್ಲೇ ಸತ್ತ ತಂದೆಯ ಹೆಸರನ್ನು ಅಳಿಸಿ, ನಿಮ್ಮ ಬಾಗಿಲಲ್ಲಿ ಸುಳ್ಳು ಹೇಳಲು ತಯಾರಾಗಿದ್ದಾನೆ. ಆ ಸುಳ್ಳನ್ನು ನೀವು ಬರೋಬರ್ ಎಂದು ಒಪ್ಪಿಕೊಳ್ಳುತ್ತೀರಿ, ಅದು ನನಗೆ ಚೆನ್ನಾಗಿ ಗೊತ್ತು. ನಿಜ ಹೇಳಿದವನನ್ನು ಹೊರಗೆ ಹಾಕಿ ಸುಳ್ಳು ಹೇಳಿದವನ ಕೈಗೆ ಬಂದೂಕು ಕೊಡುವ ಸೈನ್ಯದಿಂದ ದೇಶ ಯಾವ ನಿಷ್ಠೆ ನಿರೀಕ್ಷಿಸಬೇಕು?

ನನ್ನ ಬೇಡಿಕೆ ದೊಡ್ಡದಲ್ಲ. ಮಳೆಗಾಲದ ನಂತರದ ಆ ಭರ್ತಿಯ ದಿನಕ್ಕೆ ಮೊದಲು ಉಮಾಕಾಂತನನ್ನು ಕರೆಸಿ, ಅವನ ಹೆಸರಿನಲ್ಲಿ, ಅವನ ತಂದೆಯ ಹೆಸರಿನಲ್ಲಿ, ಎದೆಯ ಮೇಲೆ ಕರಡಿಗೆ ಇದ್ದಂತೆಯೇ ಇನ್ನೊಮ್ಮೆ ಪರೀಕ್ಷಿಸಿ. ಓಟ ಸಾಲದಿದ್ದರೆ ಓಟ ಸಾಲದು ಎನ್ನಿ, ತಲೆ ಬಾಗಿಸಿ ಕರೆದುಕೊಂಡು ಹೋಗುತ್ತೇನೆ. ಕುಲ ಸಾಲದು ಎನ್ನುವುದಾದರೆ ಬಾಯಿಮಾತಿನಲ್ಲಿ ಬೇಡ, ಸಹಿ ಹಾಕಿ ಬರೆದುಕೊಡಿ. ಸೇರಿಸಿಕೊಂಡರೆ ನಾನು ಸಕ್ಕರೆ ಹಂಚುತ್ತೇನೆಂದು ಮಾತ್ರ ತಿಳಿಯಬೇಡಿ. ಅವನ ರೈಲು ಹೊರಡುವಾಗ ಉಳಿದ ತಾಯಂದಿರ ಜೊತೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ಗಟ್ಟಿಯಾಗಿ ಅಳುತ್ತೇನೆ. ಅಲ್ಲಿ ನಿಂತು ಅಳುವ ಹಕ್ಕು ನನಗೂ ಇದೆ, ಅದನ್ನು ಕೇಳುತ್ತಿದ್ದೇನೆ.

ಇಂತಿ,
ಯುದ್ಧ ಬಂದಾಗ ಮಾತ್ರ ವೀರಕುಲಕ್ಕೆ ಸೇರುವ,
ಉತ್ತರ ಬರುವ ತನಕ ಸಿಟ್ಟು ಇಳಿಯದ,
ಕಲಾವತಿ, ಕೈಲಾಸವಾಸಿ ಸಿಪಾಯಿ ರುದ್ರಪ್ಪನವರ ಹೆಂಡತಿ
ಅಜನಿ, ನಾಗಪುರ