ತಿಪ್ಪಯ್ಯಂದಿರು ನಿಮ್ಮ ರಿಜಿಸ್ಟರಿನಲ್ಲಿಲ್ಲ

ಮಾನ್ಯ ಆರೋಗ್ಯಾಧಿಕಾರಿಗಳೇ,

ದುದ್ದ ಹೋಬಳಿಯ ನಮ್ಮೂರಿನ ಹೆರಿಗೆ ಕೋಣೆಗೆ ಬೀಗ ಹಾಕಿಸಿ, ನರ್ಸ್ ಶೋಭಿತಾ ಅವರನ್ನು ಅಂಕಿಅಂಶ ಬರೆಯಲು ನಿಮ್ಮ ಕಚೇರಿಗೆ ಕರೆಸಿಕೊಂಡಿದ್ದೀರಿ. ಆದೇಶದಲ್ಲಿನ ಕಾರಣ ಓದಿ ಎದೆಯುಬ್ಬಿತು: 'ಈ ಗ್ರಾಮದಲ್ಲಿ ನೂರು ವರ್ಷಗಳಿಂದಲೂ ಶಿಶುಮರಣ ಅತ್ಯಲ್ಪ.' ಸಾಕ್ಷಿಗೆ ಹಳೆಯ ಮರಣ ರಿಜಿಸ್ಟರು. 1911ರಿಂದ 1930ರವರೆಗೆ ಸತ್ತ ಕೂಸುಗಳು ಏಳೇ ಏಳು! ಬಾಣಂತಿಯರು ಸೊನ್ನೆ! ಪ್ಲೇಗು, ಇನ್‌ಫ್ಲುಯೆಂಜಾ ಎಲ್ಲ ನಮ್ಮೂರ ಗಡಿಯಲ್ಲೇ ಕೈಮುಗಿದು ಹಿಂದಿರುಗಿದವೇನೋ, ಪಾಪ.

ಅದೇ ವರ್ಷಗಳಲ್ಲಿ ನಮ್ಮಜ್ಜಿ ಲಕ್ಕಮ್ಮನ ಮೊದಲ ನಾಲ್ಕು ಕೂಸುಗಳು ತೊಟ್ಟಿಲಿಗೆ ಹಾಕುವ ಮೊದಲೇ ತೀರಿಕೊಂಡವು. ಹೆಸರೇ ಇಡದ ಕೂಸಿನ ಸಾವನ್ನು, ರಿಜಿಸ್ಟರು ಇಟ್ಟುಕೊಂಡಿದ್ದ ಪಟೇಲರ ಮನೆಗೆ ಹೋಗಿ ಬರೆಸುವವರು ಯಾರು? ಐದನೆಯದು ಹುಟ್ಟಿದೊಡನೆ ಅಜ್ಜಿ ಅದನ್ನು ತಿಪ್ಪೆಯ ಮೇಲೆ ಮಲಗಿಸಿದಳು. ಪಕ್ಕದ ಮನೆಯಾಕೆ ಎತ್ತಿಕೊಂಡಳು. ಆಕೆಗೆ ಒಂದು ಮೊರ ತೌಡು ಕೊಟ್ಟು ಅಜ್ಜಿಯೇ ಮತ್ತೆ ಕೊಂಡುಕೊಂಡಳು. 'ಇದು ನನ್ ಒಟ್ಟೇಲ್ ಉಟ್ಟಿದ್ದಲ್ಲ ಕಣವ್ವಾ, ತಿಪ್ಪೇಲಿ ಸಿಕ್ಕಿದ್ದು!' ಎಂದು ಯಮನಿಗೆ ಕೇಳಿಸುವಂತೆ ಕೂಗಿದಳಂತೆ. ಕಸವೆಂದುಕೊಂಡು ಅವನು ಬಿಟ್ಟುಹೋಗಲಿ ಎಂಬ ಉಪಾಯ. ಆ ಕೂಸೇ ನಮ್ಮಪ್ಪ, ತಿಪ್ಪಯ್ಯ.

ನಾನು ಹೆಡ್‌ಮೇಷ್ಟ್ರಾಗಿದ್ದ ಶಾಲೆಯ 1932ರ ದಾಖಲಾತಿ ಪುಸ್ತಕ ತೆಗೆದು ನೋಡಿದೆ. ಇಪ್ಪತ್ತೆರಡು ಹುಡುಗರಲ್ಲಿ ಒಂಬತ್ತು ಮಂದಿ ತಿಪ್ಪಯ್ಯ, ತೌಡಪ್ಪಂದಿರು! ಮಕ್ಕಳನ್ನು ಕಳೆದುಕೊಳ್ಳದ ತಾಯಿ ಮಗನಿಗೆ ತಿಪ್ಪೆಯ, ತೌಡಿನ ಹೆಸರಿಡುತ್ತಾಳೆಯೇ? ಆ ಪುಸ್ತಕ ಹೊತ್ತು ನಿಮ್ಮ ಕಚೇರಿಗೆ ಬಂದರೆ ಗುಮಾಸ್ತ ಶಿವರಾಜು, 'ಎಸ್ರು ನೋಡಿ ಸಾವು ಎಣ್ಸಕಾಯ್ತದಾ ಮೇಷ್ಟ್ರೇ? ಫಾರಂನಲ್ಲಿ ಅದ್ಕೆ ಕಾಲಂ ಇಲ್ಲ ಕಣಿ ಸಾ' ಎಂದರು. ಕಾಲಂ ಇಲ್ಲದವರು ಸಾಯಲೂ ಬಾರದು ನೋಡಿ.

ಕಳೆದ ತಿಂಗಳು ನಮ್ಮ ಬೀದಿಯ ನಾಗಲಕ್ಷ್ಮಿಗೆ ಹಾಸನದ ದಾರಿಯಲ್ಲಿ, ಆಟೋದಲ್ಲೇ ಹೆರಿಗೆಯಾಯಿತು. ಕೂಸು ಉಳಿಯಲಿಲ್ಲ. ನಮ್ಮೂರ ಲೆಕ್ಕ ಈಗಲೂ ಸೊನ್ನೆ, ಯಾಕೆಂದರೆ ಅದು ಸತ್ತದ್ದು ರಸ್ತೆಯಲ್ಲಿ. ನನ್ನ ಬಸುರಿ ಮೊಮ್ಮಗಳು ದೀಪಶ್ರೀಗೆ ಈಗ ಎಂಟು ತಿಂಗಳು ತುಂಬಿದೆ.

ಹದಿನೈದು ದಿನದೊಳಗೆ ಬೀಗ ತೆಗೆಸಿ, ನರ್ಸಮ್ಮನನ್ನು ವಾಪಸ್ ಕಳಿಸಿ. ಆಗದಿದ್ದರೆ ಬೇಸರವಿಲ್ಲ. ನರ್ಸಮ್ಮ ಹೇಗೂ ನಿಮ್ಮಲ್ಲೇ ಇದ್ದಾರೆ. ದೀಪಶ್ರೀಯನ್ನು ನಾವೇ ಅಲ್ಲಿಗೆ ಕರೆತರುತ್ತೇವೆ. ಬಿಸಿನೀರು, ಹಳೆ ಸೀರೆ ನಮ್ಮದು. ತಾವು ದಯಮಾಡಿ ಮೇಜಿನ ಮೇಲಿನ ಫೈಲುಗಳನ್ನು ಎತ್ತಿಡಿಸಿ.

ಇಂತಿ,
ಒಂದು ಮೊರ ತೌಡಿಗೆ ಮಾರಾಟವಾದವರ ಮಗ,
ಚಂದ್ರಶೇಖರಯ್ಯ